ಕೆಂಪಂಚು, ಕಪ್ಪಂಚು ಮತ್ತು ಸಾಯಲಾರದ ಕಡವೆ

ನಮ್ಮ ಅಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಮೂಡದ ಕಾಲದಲ್ಲಿ ಅರಗಿನಕೋಟೆ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಯುದ್ಧ ಅಂದರೆ ಎಲೆಯಾಟ. ಕತ್ತಿಗಳು ಇರಲಿಲ್ಲವೆಂದಲ್ಲ, ಇದ್ದವು, ಹಲಸಿನಹಣ್ಣು ಸೀಳಲು ಬಳಸುತ್ತಿದ್ದರು. ಗಡಿಯ ಜಗಳ ಬರಲಿ, ನೀರಿನ ಜಗಳ ಬರಲಿ, ಎರಡು ಕಡೆಯವರೂ ಅರಮನೆಯ ಚಾವಡಿಯ ಮುಂದಿನ ಕಣದಲ್ಲಿ ಎದುರುಬದುರು ಕೂತು ಎಲೆ ಇಳಿಸುತ್ತಿದ್ದರು.

ಎಲೆ ಅಂದರೆ ಮರದ ಎಲೆಯಲ್ಲ. ಹಳೆಯ ಸೀರೆಯ ತುಂಡುಗಳನ್ನು ಹುಣಸೆಬೀಜದ ಅಂಟಿನಲ್ಲಿ ಪದರ ಪದರವಾಗಿ ಅಂಟಿಸಿ, ನುಣುಪು ಕಲ್ಲಿನಿಂದ ಉಜ್ಜಿ, ಬಣ್ಣದಲ್ಲಿ ಒಂದು ಪ್ರಾಣಿ ಬರೆದು, ಮೇಲೆ ಅರಗು ಹಚ್ಚಿದ ಅಂಗೈಯಗಲದ ಬಿಲ್ಲೆ. ಅದನ್ನು ಕಣದಲ್ಲಿಟ್ಟು ಹೆಸರು ಕೂಗಿದರೆ ಚಿತ್ರದಲ್ಲಿದ್ದ ಪ್ರಾಣಿ ಎದ್ದು ನಿಲ್ಲುತ್ತಿತ್ತು. ಹುಲಿ ಅಂದರೆ ಹುಲಿ, ಹಂದಿ ಅಂದರೆ ಹಂದಿ. ಅವು ಹೊಡೆದಾಡುತ್ತಿದ್ದವು. ಸತ್ತದ್ದು ಮತ್ತೆ ಚಿತ್ರವಾಗಿ ಎಲೆಯಲ್ಲಿ ಮಲಗುತ್ತಿತ್ತು. ಮಲಗಿದ ಎಲೆ ಆ ಆಟ ಮುಗಿಯುವ ತನಕ ಏಳುತ್ತಿರಲಿಲ್ಲ. ಇಬ್ಬರು ಬರೆದ ಎಲೆಗಳು ಮಾತ್ರ ಏಳುತ್ತಿದ್ದವು.

ಆ ಇಬ್ಬರು ಚಾವಡಿಯ ಹಿಂದಿನ ಬೀದಿಯ ಅಕ್ಕತಂಗಿಯರು. ಅಕ್ಕ ದೇವೀರಿ, ತಂಗಿ ಹೂವಿ. ಅವರ ಅಜ್ಜಿ ಕಣ್ಣು ಮುಚ್ಚುವ ಮುಂಚೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಬಟ್ಟಲು ಕೊಟ್ಟಿದ್ದಳು. ಅಕ್ಕನಿಗೆ ಕಾಡಿಗೆಯ ಬಟ್ಟಲು, ತಂಗಿಗೆ ಇಂಗಳೀಕದ ಕೆಂಪು ಬಟ್ಟಲು. ಎರಡಕ್ಕೂ ವರವಿತ್ತು. ಎಲೆಯ ಬೆನ್ನಿಗೆ ಕೆಂಪು ಅಂಚು ಬರೆದರೆ, ಸತ್ತ ಪ್ರಾಣಿ ಹಣೆಗೆ ಕೆಂಪು ಬೊಟ್ಟಿಟ್ಟುಕೊಂಡು, ಚಿತ್ರದಲ್ಲಿದ್ದದ್ದಕ್ಕಿಂತ ಇಮ್ಮಡಿ ದೊಡ್ಡದಾಗಿ ಎದ್ದು ಬರುತ್ತಿತ್ತು. ಕಪ್ಪು ಅಂಚು ಬರೆದರೆ, ಹಣೆಗೆ ಕಪ್ಪು ಬೊಟ್ಟಿಟ್ಟುಕೊಂಡು, ಅರ್ಧಕ್ಕೆ ಇಳಿದು, ಕುಂಟಿಕೊಂಡು ಎದ್ದು ಬರುತ್ತಿತ್ತು.

ಬಟ್ಟಲು ಕೊಡುವಾಗ ಅಜ್ಜಿ ಮೂರು ಮಾತು ಹೇಳಿದ್ದಳು.

"ಒಂದು, ಬೊಟ್ಟು ಇದ್ದ ಕಡೆ ವರ ಕೂತ್ಕೊಳ್ಳುತ್ತೆ. ಕೆಂಪು ಬೊಟ್ಟು ಇದ್ರೆ ಕೆಂಪಂಚು ಎಬ್ಬಿಸಲ್ಲ, ಕಪ್ಪು ಬೊಟ್ಟು ಇದ್ರೆ ಕಪ್ಪಂಚು ಎಬ್ಬಿಸಲ್ಲ. ಅದಕ್ಕೇ ಒಂದು ಎಲೆ ಒಂದೇ ಸಲ ಏಳೋದು. ಎರಡು, ಎದ್ದು ಬಂದಿದ್ದು ಹೊಸ ಹುಟ್ಟು. ಮುಖ ತೊಳ್ಕೊಂಡು ಬರುತ್ತೆ, ಹಳೇ ಬೊಟ್ಟು ಇರಲ್ಲ. ಎಬ್ಬಿಸಿದ ವರದ ಬೊಟ್ಟು ಮಾತ್ರ ಇರುತ್ತೆ. ಮೂರು, ಒಂದ್ಸಲ ಎಬ್ಬಿಸಿದ್ರೆ ಅಂಚು ಬರೆದೋಳ ಆಯಸ್ಸಲ್ಲಿ ಒಂದು ದಿನ ಹೋಗುತ್ತೆ. ಹೆದರ್ಬೇಡಿ, ಎಲೆ ಪೂರ್ತಿ ಮಲಗಿದ ಗಳಿಗೆ ಹೋದ ದಿನ ವಾಪಸ್ ಬರುತ್ತೆ."

ಮೂರು ಮಾತನ್ನೂ ದೇವೀರಿ ಕೇಳಿಸಿಕೊಂಡಳು. ಆದರೆ ಅವಳ ಕಣ್ಣೆಲ್ಲ ತಂಗಿಯ ಕೈಯಲ್ಲಿದ್ದ ಕೆಂಪು ಬಟ್ಟಲಿನ ಮೇಲೆ. ಅಜ್ಜಿ ತನಗೇ ಯಾಕೆ ಕಪ್ಪು ಕೊಟ್ಟಳು? ಕೇಳೋಣವೆಂದರೆ ಅಜ್ಜಿ ಆಗಲೇ ಹೊರಟುಹೋಗಿದ್ದಳು.

ತಾಯಿಯಿಲ್ಲದ ಹೂವಿಯನ್ನು ಸೊಂಟದ ಮೇಲೆ ಹೊತ್ತು ಸಾಕಿದ್ದು ದೇವೀರಿಯೇ. ಬೆಳಿಗ್ಗೆ ಎದ್ದು ಕೆನ್ನೆಗೆ ದೃಷ್ಟಿಬೊಟ್ಟು ಇಡದೆ ಅವಳನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ಹೂವಿ ಬೆಳೆದು ಎಲೆ ಬರೆಯಲು ಕೂತ ಮೇಲೂ ಅದೇ ರೂಢಿ ನಡೆಯಿತು. ಚಿತ್ರ ಮುಗಿದ ಕೂಡಲೇ "ಅಕ್ಕಾ, ಬೊಟ್ಟಿಡು ಬಾ" ಎಂದು ಕೂಗುತ್ತಿದ್ದಳು. ದೇವೀರಿ ಕಾಡಿಗೆ ಬಟ್ಟಲಿನಲ್ಲಿ ಬೆರಳದ್ದಿ, ಚಿತ್ರದ ಪ್ರಾಣಿಯ ಕಿವಿಯ ಹಿಂದೆ, ಯಾರಿಗೂ ಕಾಣದ ಹಾಗೆ, ಸಾಸಿವೆಯಷ್ಟು ಕಪ್ಪು ಇಡುತ್ತಿದ್ದಳು. ದೇವೀರಿ ಬರೆದ ಎಲೆಗಳಿಗೆ ಮಾತ್ರ ಯಾರೂ ದೃಷ್ಟಿಬೊಟ್ಟು ಇಡಲಿಲ್ಲ. ಕುಂಟುವ ಪ್ರಾಣಿಗೆ ಯಾರ ದೃಷ್ಟಿ ಬೀಳುತ್ತದೆ ಹೇಳಿ?

ಕಣದಲ್ಲಿ ಹೂವಿಯ ಪ್ರಾಣಿ ಸತ್ತು ಇಮ್ಮಡಿಯಾಗಿ ಎದ್ದರೆ ಜನ ಪೇಟ ಹಾರಿಸುತ್ತಿದ್ದರು. ದೇವೀರಿಯ ಪ್ರಾಣಿ ಸತ್ತು ಅರ್ಧವಾಗಿ ಎದ್ದರೆ "ಅಯ್ಯೋ, ಇದ್ಯಾಕೆ ವಾಪಸ್ ಬಂತಪ್ಪಾ" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ರಾಜ ವೀರಭೂಪ ಹೂವಿಗೆ ರೇಷ್ಮೆ ಸೀರೆ ಕೊಟ್ಟ, ದೇವೀರಿಗೆ ವೀಳ್ಯ ಕೊಟ್ಟ. ಅವಳು ವೀಳ್ಯ ಜಗಿಯುತ್ತ ಮನೆಗೆ ಬಂದಳು. ಬಾಯಿ ಕೆಂಪಾಯಿತು, ಹೊಟ್ಟೆ ಉರಿಯಿತು. ತಾನೇ ಎತ್ತಿ ಆಡಿಸಿದ ತಂಗಿಯ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಗುತ್ತಿತ್ತು. ನಾಚಿಕೆಯಿಂದ ಕಿಚ್ಚು ಆರುವುದಿಲ್ಲ, ಹೊಗೆ ಜಾಸ್ತಿಯಾಗುತ್ತದೆ ಅಷ್ಟೆ.

ಅರಗಿನಕೋಟೆಯ ಆಚೆ ಕರಿಬಂಡೆ ಎಂಬ ಬೆಟ್ಟ. ಅಲ್ಲಿ ಮುಸುಕಯ್ಯ ಎಂಬ ಮಾಂತ್ರಿಕನಿದ್ದ. ಮುನ್ನೂರು ವರ್ಷದ ಮುದುಕ. ಮುಖ ನೋಡಿದವರು ಹೆದರಿ ಓಡುತ್ತಾರೆಂದು ಸದಾ ಮುಸುಕು ಹಾಕಿಕೊಂಡಿರುತ್ತಿದ್ದ. ಪ್ರತಿ ವರ್ಷ ಬೇಸಿಗೆಯಲ್ಲಿ ಎಲೆಕಟ್ಟು ಹಿಡಿದು ರಾಜನೊಡನೆ ಆಟಕ್ಕೆ ಬರುತ್ತಿದ್ದ. ಅವನು ಗೆದ್ದರೆ ರಾಜ್ಯದ ದೊಡ್ಡಕೆರೆ ಅವನಿಗೆ, ಸೋತರೆ ಒಂದು ವರ್ಷ ಇತ್ತ ಸುಳಿಯುವಂತಿಲ್ಲ. ಹೊತ್ತು ಮುಳುಗುವುದರೊಳಗೆ ಎರಡೂ ಕಡೆ ಸೋಲು ಗೆಲುವು ಆಗದಿದ್ದರೆ ಆಟ ಸರಿಸಮ, ಆಗ ಒಬ್ಬರ ಕಟ್ಟಿನಿಂದ ಇನ್ನೊಬ್ಬರು ಇಷ್ಟ ಬಂದ ಒಂದು ಎಲೆ ಎತ್ತಿಕೊಳ್ಳಬೇಕು. ಮೂರು ವರ್ಷ ಹೂವಿಯ ಕೆಂಪಂಚಿನ ಎಲೆಗಳೇ ಅವನನ್ನು ಓಡಿಸಿದ್ದವು.

ನಾಲ್ಕನೆಯ ವರ್ಷ ಹೂವಿ ಒಂದು ಕಡವೆ ಬರೆದಳು. ಅಂಥ ಕಡವೆಯನ್ನು ಯಾರೂ ಕಂಡಿರಲಿಲ್ಲ. ಕೊಂಬಿನ ಕವಲು ಕವಲಿಗೂ ಹೂವು, ಹೂವಿನ ಮೇಲೆ ಇಬ್ಬನಿ. ಬೀದಿಯವರೆಲ್ಲ ಬಂದು ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡರು. ಎಲ್ಲರೂ ಹೋದ ಮೇಲೆ ಹೂವಿ ಕೂಗಿದಳು. "ಅಕ್ಕಾ, ಬೊಟ್ಟಿಡು ಬಾ."

"ನಂಗೆ ಪುರುಸೊತ್ತಿಲ್ಲ."

"ಒಂದು ಬೆರಳು ಅದ್ದೋಕೆ ಎಷ್ಟೊತ್ತು ಬೇಕಕ್ಕ?"

"ಪುರುಸೊತ್ತಿಲ್ಲ ಅಂದ್ನಲ್ಲ. ಊರೋರೆಲ್ಲ ನೋಡಿ ಆಯ್ತಲ್ಲ, ಇನ್ನು ನನ್ನ ಬೊಟ್ಟು ಯಾಕೆ?"

ಹೂವಿ ಎಲೆಗೆ ಏನೋ ಪಿಸುಗುಟ್ಟಿದಳು. ಎಲೆಯನ್ನು ಒಣಗಲು ಇಟ್ಟು, ಊಟ ಮಾಡಿ ಮಲಗಿದಳು.

ಮಧ್ಯಾಹ್ನದ ಸುಡು ಬಿಸಿಲು. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ದೇವೀರಿ ಎಲೆಯನ್ನು ಕೈಗೆತ್ತಿಕೊಂಡು ತಿರುಗಿಸಿದಳು. ಬೆನ್ನಿಗೆ ಕೆಂಪು ಅಂಚು ಹೊಳೆಯುತ್ತಿತ್ತು. ಅದರ ಒಳಬದಿಗೆ ಒಂದು ಕೂದಲೆಳೆಯಷ್ಟು ಜಾಗವಿತ್ತು. ಅವಳು ತನ್ನ ಬಟ್ಟಲಿನಲ್ಲಿ ಕುಂಚ ಅದ್ದಿದಳು. "ಕೆಂಪಿನ ಜೊತೆ ಕಪ್ಪು ಸೇರಿದ್ರೆ ಕಪ್ಪೇ ಗೆಲ್ಲೋದು. ಇವಳ ಕಡವೆನೂ ಕುಂಟಿಕೊಂಡು ಏಳ್ಲಿ. ಇವಳನ್ನೂ ನೋಡಿ ಒಂದ್ಸಲ ನಗ್ಲಿ" ಎಂದುಕೊಂಡು ಕೂದಲೆಳೆಯಷ್ಟು ತೆಳುವಾದ ಕಪ್ಪು ಅಂಚು ಎಳೆದಳು. ಅಷ್ಟು ನೇರವಾದ ಗೆರೆಯನ್ನು ಅವಳು ಜನ್ಮದಲ್ಲಿ ಎಳೆದಿರಲಿಲ್ಲ.

ಆಟದ ದಿನ ಬಂತು. ಮುಸುಕಯ್ಯ ಈ ಸಲ ಹೊಸ ಪ್ರಾಣಿ ತಂದಿದ್ದ, ಕಬ್ಬಿಣದ ಗೂಳಿ. ಅದು ರಾಜನ ಕಟ್ಟಿನ ಎಲೆಗಳನ್ನೆಲ್ಲ ಒಂದೊಂದಾಗಿ ಮಲಗಿಸಿತು. ಕೊನೆಗೆ ಉಳಿದದ್ದು ಹೂಗೊಂಬಿನ ಕಡವೆಯೊಂದೇ. ಗೂಳಿ ಹಾಯಿತು, ಕಡವೆ ಸತ್ತಿತು. ಎರಡು ವರವೂ ಒಟ್ಟಿಗೆ ಕೈ ಚಾಚಿದವು. ಹೊರಗಿನ ಅಂಚು ಕೆಂಪಾದ್ದರಿಂದ ಕೆಂಪು ಮುಂದಾಯಿತು. ಕಡವೆ ಕೆಂಪು ಬೊಟ್ಟಿಟ್ಟುಕೊಂಡು ಇಮ್ಮಡಿಯಾಗಿ ಎದ್ದಿತು. ಜನ ಪೇಟ ಹಾರಿಸಿದರು. ದೇವೀರಿ ಹಲ್ಲು ಕಚ್ಚಿದಳು.

ಗೂಳಿ ಮತ್ತೆ ಹಾಯಿತು. ಇಮ್ಮಡಿ ಕಡವೆಯೂ ಸತ್ತಿತು. ಕೆಂಪು ವರ ಕೆಂಪು ಬೊಟ್ಟು ನೋಡಿ ಕೂತಿತು. ಕಪ್ಪು ವರ ಹಣೆ ನೋಡಿತು. ಕಪ್ಪು ಬೊಟ್ಟು ಇರಲಿಲ್ಲ. ಎಬ್ಬಿಸಿತು. ಕಡವೆ ಮುಖ ತೊಳೆದುಕೊಂಡು, ಕಪ್ಪು ಬೊಟ್ಟಿಟ್ಟುಕೊಂಡು, ಕರುವಿನಷ್ಟಾಗಿ ಕುಂಟುತ್ತ ಎದ್ದಿತು. ಜನ ಕಣ್ಣು ಕಣ್ಣು ಬಿಟ್ಟರು. ಎರಡನೆಯ ಸಲ ಎದ್ದ ಎಲೆಯನ್ನು ಯಾರೂ ಕಂಡಿರಲಿಲ್ಲ.

ಗೂಳಿ ಮೂರನೆಯ ಸಲ ಹಾಯಿತು. ಈಗ ಕಪ್ಪು ವರ ಕಪ್ಪು ಬೊಟ್ಟು ನೋಡಿ ಕೂತಿತು. ಕೆಂಪು ವರ ನೋಡಿತು. ಹಳೆಯ ಕೆಂಪು ಬೊಟ್ಟು ತೊಳೆದುಹೋಗಿತ್ತಲ್ಲ, ಎಬ್ಬಿಸಿತು. ಹೀಗೆ ಕೆಂಪು, ಕಪ್ಪು, ಕೆಂಪು, ಕಪ್ಪು. ಒಂದು ಕೂತಾಗ ಇನ್ನೊಂದು ಎಬ್ಬಿಸುತ್ತಿತ್ತು. ಗೂಳಿ ಹಾಯ್ದು ಹಾಯ್ದು ಕೊಂಬು ಸವೆಸಿಕೊಂಡಿತು, ಕಡವೆ ಮಲಗಲಿಲ್ಲ. ಹೊತ್ತು ಮುಳುಗಿತು. ಆಟ ಸರಿಸಮವಾಯಿತು. ಕೆರೆ ಉಳಿಯಿತು.

ಜನ ಹೂವಿಯನ್ನು ಹೆಗಲ ಮೇಲೆ ಹೊತ್ತು ಕುಣಿದರು. "ಕೆರೆ ಉಳಿಸಿದ ತಾಯಿ" ಅಂದರು. ಹೂವಿ ಏನೂ ಅರ್ಥವಾಗದೆ ಮೇಲಿಂದ ಅಕ್ಕನನ್ನು ಹುಡುಕುತ್ತಿದ್ದಳು. ದೇವೀರಿಯ ಸಂಕಟ ಯಾರಿಗೆ ಬೇಕು! ಕೆರೆ ಉಳಿಸಿದ್ದು ತನ್ನ ಅಂಚು. ಅದನ್ನು ಹೇಳಿಕೊಂಡರೆ ಕಳ್ಳತನ ಹೊರಗೆ ಬರುತ್ತದೆ. ತಂಗಿಯನ್ನು ಕೆಡಿಸಲು ಹೋಗಿ ಅವಳ ಹೆಸರನ್ನು ನೂರ್ಮಡಿ ಮಾಡಿದ್ದಳು. ಹೊಟ್ಟೆಕಿಚ್ಚಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನಿಲ್ಲ ಅಂದುಕೊಂಡಳು. ಇತ್ತು.

ರಾಜ ಕೊಂಬು ಸವೆದ ಗೂಳಿಯನ್ನು ಬಿಟ್ಟು ಬೇರೊಂದು ಎಲೆ ಎತ್ತಿಕೊಂಡ. ಮುಸುಕಯ್ಯ ರಾಜನ ಕಟ್ಟಿನಿಂದ ಎತ್ತಿಕೊಂಡದ್ದು ಕಡವೆಯ ಎಲೆಯನ್ನೇ. ತಿರುಗಿಸಿ ಬೆನ್ನು ನೋಡಿದ. ಬೆರಳ ತುದಿಯಿಂದ ಕಪ್ಪು ಅಂಚನ್ನು ಸವರಿದ. ಆಮೇಲೆ ಇಡೀ ಗುಂಪಿನಲ್ಲಿ ದೇವೀರಿಯೊಬ್ಬಳನ್ನೇ ಹುಡುಕಿ ನೋಡಿ, ಮುಸುಕಿನೊಳಗೆ ನಕ್ಕ.

ಕರಿಬಂಡೆಯ ಮೇಲೆ ಮುಸುಕಯ್ಯನಿಗೆ ಒಂದು ಉರಿಯುವ ಕುಂಡವಿತ್ತು. ಅದರಲ್ಲಿ ಎಲೆಯ ಪ್ರಾಣಿ ಬಿದ್ದು ಸತ್ತರೆ, ಅದರ ಮೈಯಲ್ಲಿದ್ದ ದಿನ ಮುಸುಕಯ್ಯನ ಆಯಸ್ಸಿಗೆ ಸೇರುತ್ತಿತ್ತು. ಬೇರೆ ಎಲೆಗಳಾದರೆ ಒಂದು ಸಲ ಎದ್ದು, ಎರಡನೆಯ ಸಲ ಮಲಗಿ, ದಿನವನ್ನು ವಾಪಸು ಎಳೆದುಕೊಂಡುಬಿಡುತ್ತಿದ್ದವು. ಈ ಕಡವೆ ಮಲಗುವುದೇ ಇಲ್ಲವಲ್ಲ! ತಳ್ಳಿದ, ಸತ್ತಿತು, ಎದ್ದಿತು. ತಳ್ಳಿದ, ಸತ್ತಿತು, ಎದ್ದಿತು. ದಿನಕ್ಕೆ ಎರಡು ಸಾವಿರ ಸಲ ತಳ್ಳಿದ. ಕೆಂಪಿನಿಂದ ಎದ್ದಾಗ ಹೂವಿಯ ಒಂದು ದಿನ ಹೋಯಿತು, ಕಪ್ಪಿನಿಂದ ಎದ್ದಾಗ ದೇವೀರಿಯ ಒಂದು ದಿನ ಹೋಯಿತು. ಬೆಟ್ಟದ ಮೇಲೆ ಮುದುಕ ಹರೆಯದವನಾಗುತ್ತಿದ್ದ. ಬೆಟ್ಟದ ಕೆಳಗೆ ಇಬ್ಬರು ಹೆಂಗಸರು ಮುದುಕಿಯರಾಗುತ್ತಿದ್ದರು.

ಹದಿನೈದು ದಿನದಲ್ಲಿ ಹೂವಿಯ ತಲೆಯೆಲ್ಲ ಬೆಳ್ಳಗಾಯಿತು. ಊರಿಗೆ ಊರೇ ಕಷಾಯ, ಎಣ್ಣೆ, ತಾಯಿತ ಹಿಡಿದು ಬಂತು. "ಇಪ್ಪತ್ತರ ಹುಡುಗಿಗೆ ಇದೆಂಥ ಮುಪ್ಪು" ಎಂದು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ದೇವೀರಿಯ ತಲೆಯೂ ಅಷ್ಟೇ ಬೆಳ್ಳಗಾಗಿತ್ತು. ಅವಳನ್ನು ನೋಡಿ "ನೀನು ಮೊದ್ಲಿಂದ್ಲೂ ಹಿಂಗೇ ಇದ್ಯಲ್ವಾ" ಅಂದರು. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ದೇವೀರಿಗೆ ಅದಕ್ಕೂ ಹೊಟ್ಟೆಕಿಚ್ಚಾಯಿತು. ಕನ್ನಡಿ ಹಿಡಿದು ಇಬ್ಬರ ಬಿಳಿಗೂದಲನ್ನೂ ಹೋಲಿಸಿ ನೋಡಿದಳು. ಮುದುಕಿಯಾಗುವುದರಲ್ಲೂ ತಂಗಿಗೇ ಮರ್ಯಾದೆ!

ಒಂದು ಬೆಳಿಗ್ಗೆ ಹೂವಿ ಕೋಲೂರಿಕೊಂಡು ಬಂದು ಅಕ್ಕನ ತಲೆಯ ಸೆರಗು ಸರಿಸಿದಳು. ಬಿಳಿಗೂದಲು ಕಂಡು ಬೆಚ್ಚಿ ಹಿಂದೆ ಸರಿದಳು.

"ಅಯ್ಯೋ ಅಕ್ಕಾ! ನನ್ನ ರೋಗ ನಿಂಗೂ ಅಂಟಿಸ್ಬಿಟ್ನಾ?"

ದೇವೀರಿ ಸೆರಗನ್ನು ಮತ್ತೆ ತಲೆಗೆ ಎಳೆದುಕೊಂಡಳು.

"ನೀನು ನನ್ನ ಹತ್ರ ಬರ್ಬೇಡ. ನಾನು ಜಗಲಿ ಮೇಲೆ ಇರ್ತೀನಿ. ಗಂಜಿನ ಬಾಗ್ಲಲ್ಲಿ ಇಟ್ಬಿಡು ಸಾಕು. ನೀನಾದ್ರೂ ಉಳ್ಕೋಬೇಕು ಕಣಕ್ಕ." ಹೀಗೆ ಹೇಳಿ, ತನ್ನ ಚಾಪೆಯನ್ನು ತಾನೇ ಎಳೆದುಕೊಂಡು ಹೊರಗೆ ಹೋದಳು.

ದೇವೀರಿ ಬಾಗಿಲ ಸಂದಿಯಿಂದ ನೋಡಿದಳು. ಜಗಲಿಯ ಮೇಲೆ ಒಬ್ಬ ಸುಕ್ಕುಗಟ್ಟಿದ ಮುದುಕಿ, ಮಗುವಿನ ಹಾಗೆ ಮುದುಡಿಕೊಂಡು ಮಲಗಿದ್ದಳು. ಆ ಕೆನ್ನೆಗೆ ತಾನು ಎಷ್ಟು ವರ್ಷ ಬೊಟ್ಟಿಟ್ಟಿದ್ದೆ! ಊರವರ ಕಣ್ಣು ತಾಗದಿರಲಿ ಎಂದು ಇಟ್ಟ ಬೊಟ್ಟು. ತಾಗಿದ ಕಣ್ಣು ಮನೆಯೊಳಗಿನದೇ ಆಯಿತಲ್ಲ. ದೇವೀರಿ ಒಲೆಯ ಮುಂದೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಇದು ರೋಗವಲ್ಲ, ಕರಿಬಂಡೆಯ ಮೇಲೆ ಕಡವೆ ಸತ್ತು ಎದ್ದಾಗಲೆಲ್ಲ ಹೋಗುತ್ತಿರುವ ದಿನ ಎಂದು ಅಜ್ಜಿಯ ಮೂರನೆಯ ಮಾತಿನಿಂದ ಅವಳಿಗೆ ತಿಳಿದಿತ್ತು. ಅಳುತ್ತಿದ್ದ ಹಾಗೆ ಮೊದಲ ಮಾತೂ ನೆನಪಿಗೆ ಬಂತು. ಬೊಟ್ಟು ಇದ್ದ ಕಡೆ ವರ ಕೂತ್ಕೊಳ್ಳುತ್ತೆ. ಹಣೆಯಲ್ಲಿ ಕೆಂಪು ಬೊಟ್ಟು ಇರುವಾಗ, ಜೀವ ಇರುವಾಗಲೇ, ಯಾರಾದರೂ ಕೈಯಿಂದ ಕಪ್ಪು ಬೊಟ್ಟು ಇಟ್ಟುಬಿಟ್ಟರೆ? ಆಗ ಸತ್ತರೆ ಕೆಂಪು ವರವೂ ಕೂತೀತು, ಕಪ್ಪು ವರವೂ ಕೂತೀತು. ಕಡವೆ ಮಲಗೀತು.

ಅವಳು ಕಣ್ಣೊರೆಸಿಕೊಂಡು, ಕಾಡಿಗೆ ಬಟ್ಟಲನ್ನು ಮಡಿಲಿಗೆ ಕಟ್ಟಿಕೊಂಡಳು. ತನ್ನ ಎಲೆಗಳಲ್ಲಿ ಯಾರೂ ಬೇಡವೆಂದು ಬಿಟ್ಟಿದ್ದ ಮೂರನ್ನು ಎತ್ತಿಕೊಂಡಳು, ಒಂದು ಕರಡಿ, ಒಂದು ನರಿ, ಒಂದು ಮುಂಗುಸಿ. ಗಂಜಿಯನ್ನು ಬಾಗಿಲಲ್ಲಿಟ್ಟು ಕರಿಬಂಡೆಗೆ ಹೊರಟಳು. ಎಪ್ಪತ್ತರ ಮುದುಕಿಯ ಮಂಡಿ, ಮೂವತ್ತರ ಹೆಂಗಸಿನ ಅವಸರ.

ಮೊದಲನೆಯ ಬಾಗಿಲಲ್ಲಿ ಕಬ್ಬಿಣದ ಗೂಳಿ ನಿಂತಿತ್ತು. ದೇವೀರಿ ಎಲೆ ಇಳಿಸಿ "ಕರಡೀ" ಎಂದಳು. ಕರಡಿ ಎದ್ದಿತು. ಗೂಳಿ ಒಂದೇ ಸಲ ಹಾಯ್ದು ಅದನ್ನು ಕೊಂದು, ಗೆದ್ದೆನೆಂದು ಬೆನ್ನು ತಿರುಗಿಸಿತು. ಕರಡಿ ನಾಯಿಯಷ್ಟಾಗಿ ಎದ್ದು, ಸದ್ದಿಲ್ಲದೆ ಗೂಳಿಯ ಹೊಟ್ಟೆಯ ಕೆಳಗೆ ನುಗ್ಗಿ, ಅದರ ಮೈಯನ್ನೆಲ್ಲ ಸೇರಿಸಿ ಹಿಡಿದಿದ್ದ ಅಗುಳಿಯನ್ನು ಹಲ್ಲಿನಿಂದ ಎಳೆಯಿತು. ಗೂಳಿಯ ಕಬ್ಬಿಣವೆಲ್ಲ ಗುಜರಿಯ ಹಾಗೆ ಉದುರಿತು. ದೊಡ್ಡ ಕರಡಿಯಾಗಿದ್ದರೆ ಅಲ್ಲಿ ತೂರಲು ಆಗುತ್ತಲೇ ಇರಲಿಲ್ಲ.

ಎರಡನೆಯ ಬಾಗಿಲಿಗೆ ಜೇಡರ ಬಲೆ. ಎಳೆ ಎಳೆಯೂ ಹಗ್ಗದ ಗಾತ್ರ. "ನರೀ" ಎಂದಳು. ನರಿ ಹಾರಿ ಬಲೆಯಲ್ಲಿ ಸಿಕ್ಕಿಕೊಂಡಿತು, ಜೇಡ ಬಂದು ಹೀರಿತು. ನರಿ ಬೆಕ್ಕಿನಷ್ಟಾಗಿ ಎದ್ದು, ಬಲೆಯ ಕಣ್ಣಿನಿಂದ ನುಸುಳಿ, ಆಚೆ ಕಡೆಯಿಂದ ಗಂಟು ಬಿಚ್ಚಿತು. ಬಲೆಯೂ ಜೇಡವೂ ಒಟ್ಟಿಗೆ ಕಂದಕಕ್ಕೆ ಬಿದ್ದವು.

ಮೂರನೆಯ ಬಾಗಿಲಿಗೆ ಬೀಗವಿಲ್ಲ, ಬೀಗದ ಕೈಯಿಲ್ಲ, ಒಳಗಿನಿಂದ ಚಿಲಕ. ಗೋಡೆಯ ಬುಡದಲ್ಲಿ ಬಚ್ಚಲ ತೂಬು, ತೂಬಿನಲ್ಲಿ ಒಂದು ನಾಗರ. "ಮುಂಗುಸೀ" ಎಂದಳು. ಹಾವೂ ಮುಂಗುಸಿಯೂ ಕಚ್ಚಾಡಿ ಎರಡೂ ಸತ್ತವು. ಹಾವು ಮಲಗಿತು. ಮುಂಗುಸಿ ಇಲಿಯಷ್ಟಾಗಿ ಎದ್ದು, ತೂಬಿನಲ್ಲಿ ತೂರಿ ಚಿಲಕ ತೆಗೆಯಿತು. ಅದರ ಪುಟ್ಟ ಬೆನ್ನನ್ನು ಸವರಿ ದೇವೀರಿ ಅಂದಳು. "ಇಷ್ಟು ದಿನ ನೀನು ಚಿಕ್ಕದಾಗಿ ಬರ್ತೀಯ ಅಂತ ಬೈದೆ ಕಣೋ. ಚಿಕ್ಕದಾಗಿರೋದ್ರಿಂದ್ಲೇ ಇವತ್ತು ಬಾಗ್ಲು ತೆಗೀತು."

ಒಳಗೆ ಕುಂಡ ಉರಿಯುತ್ತಿತ್ತು. ಪಕ್ಕದಲ್ಲಿ ಮುಸುಕು ತೆಗೆದ ಮುಸುಕಯ್ಯ, ಮದುವಣಿಗನ ಹಾಗೆ ಹೊಳೆಯುತ್ತಿದ್ದ. ಅವನ ಮುಂದೆ ಕಡವೆ. ಆ ಹೊತ್ತಿನಲ್ಲಿ ಅದರ ಹಣೆಯ ಮೇಲೆ ಕಪ್ಪು ಬೊಟ್ಟಿತ್ತು. ದೇವೀರಿಯನ್ನು ಕಂಡು ಮುಸುಕಯ್ಯ ಬೆಚ್ಚಲೂ ಇಲ್ಲ.

"ಬಾ ತಾಯಿ ಬಾ. ನಿನ್ನ ಗೆರೆಯಿಂದ ನಾನು ಬದುಕಿದೆ. ನೀನು ಮಾತ್ರ ಯಾಕೆ ಸವೀಬೇಕು? ಒಂದು ಒಪ್ಪಂದ ಮಾಡ್ಕೊಳ್ಳೋಣ. ಕುಂಡದಲ್ಲಿ ಬೀಳೋ ದಿನದಲ್ಲಿ ಮೂರಕ್ಕೆ ಎರಡು ನಿಂಗೆ ಕೊಡ್ತೀನಿ. ಹೋದ ಹರೆಯ ಬರುತ್ತೆ, ಅದರ ಮೇಲೂ ಬರುತ್ತೆ. ತಂಗಿ ಜಗಲಿ ಮೇಲೆ ಕೆಮ್ಮಿಕೊಂಡಿರ್ಲಿ. ಆಗ ಊರು ಯಾರನ್ನ ನೋಡುತ್ತೆ ಹೇಳು?"

ಸುಳ್ಳು ಹೇಳಿ ನನಗೇನೂ ಆಗಬೇಕಿಲ್ಲ. ಆ ಮಾತು ಕೇಳಿ ದೇವೀರಿಯ ಎದೆ ಒಂದು ಗಳಿಗೆ ಹಿಗ್ಗಿತು. ಜನ ತನಗಾಗಿ ಪೇಟ ಹಾರಿಸುವುದನ್ನು ಕಂಡಳು, ರೇಷ್ಮೆ ಸೀರೆಯ ಸೆರಗನ್ನು ಕಂಡಳು. ಆಮೇಲೆ ಆ ಗುಂಪಿನಲ್ಲೆಲ್ಲ ಹೂವಿಯ ಮುಖ ಹುಡುಕಿದಳು. ಇರಲಿಲ್ಲ. ಹೂವಿ ನೋಡದ ಮೇಲೆ ಆ ಸೀರೆ ಉಟ್ಟು ಯಾರಿಗೆ ತೋರಿಸುವುದು?

"ಆಗ್ಲಿ, ಒಪ್ಪಿದೆ" ಎಂದಳು. "ಆದ್ರೆ ಈ ಕಡವೆನ ಒಂದು ಸಲ ದೊಡ್ಡದಾಗಿ ನೋಡ್ಬೇಕು. ಊರೆಲ್ಲ ಹೊಗಳಿದ್ದು ಏನನ್ನ ಅಂತ ಮುಟ್ಟಿ ನೋಡ್ತೀನಿ."

ಮುಸುಕಯ್ಯ ಗಹಗಹಿಸಿ ನಕ್ಕ. ಮುನ್ನೂರು ವರ್ಷದಲ್ಲಿ ಅವನು ನಂಬಿದ್ದು ಒಂದನ್ನೇ, ಹೊಟ್ಟೆಕಿಚ್ಚನ್ನು. ಅವನು ಕಡವೆಯನ್ನು ಕುಂಡಕ್ಕೆ ತಳ್ಳಿದ. ಅದು ಸತ್ತು, ಕೆಂಪು ಬೊಟ್ಟಿಟ್ಟುಕೊಂಡು, ಬಾಗಿಲಿನಷ್ಟು ಎತ್ತರವಾಗಿ ಎದ್ದಿತು. ಕೊಂಬಿನ ಹೂವೆಲ್ಲ ಬಾಡಿದ್ದವು. ದೇವೀರಿ ಹತ್ತಿರ ಹೋದಳು. ಕಡವೆ ಮಂಡಿಯೂರಿ ತಲೆ ತಗ್ಗಿಸಿ, ಅವಳಿಗಷ್ಟೇ ಕೇಳುವ ಹಾಗೆ ಮಾತಾಡಿತು.

"ದೇವೀರಕ್ಕಾ, ಬಂದ್ಯಾ?"

"ನನ್ನ ಹೆಸ್ರು ನಿಂಗೆ ಹೆಂಗೆ ಗೊತ್ತು?"

"ಬರೆಯೋವಾಗೆಲ್ಲ ಅವಳು ನಿನ್ನ ಮಾತೇ ಆಡ್ತಿದ್ಲು. ನನ್ನ ಎಡಗಿವಿ ಹಿಂದೆ ನೋಡು. ಮೈಯೆಲ್ಲ ಬಣ್ಣ ತುಂಬಿ, ಅಲ್ಲಿ ಮಾತ್ರ ಒಂದು ಸಾಸಿವೆ ಜಾಗ ಬಿಟ್ಟಿದ್ದಾಳೆ. ಅಕ್ಕ ಬೊಟ್ಟಿಡೋ ಜಾಗ ಅದು, ಯಾವತ್ತಾದ್ರೂ ಸಿಟ್ಟು ಇಳಿದ ಮೇಲೆ ಇಡ್ತಾಳೆ ಅಂದ್ಲು. ಸಾವಿರಾರು ಸಲ ಸತ್ತೆ ಅಕ್ಕ. ಆ ಜಾಗ ಇನ್ನೂ ಖಾಲಿ ಇದೆ."

ದೇವೀರಿ ಕಿವಿ ಎತ್ತಿ ನೋಡಿದಳು. ಇತ್ತು. ಅರಗಿನ ಕೆಳಗೆ ಬರಿಯ ಬಿಳಿ ಬಟ್ಟೆ, ಸಾಸಿವೆಯಷ್ಟು. ಅವಳು ಮಡಿಲಿನ ಬಟ್ಟಲಿಗೆ ಬೆರಳು ಅದ್ದಿ, ಕಣ್ಣೀರು ಬೀಳದ ಹಾಗೆ ತುಟಿ ಕಚ್ಚಿ, ಆ ಜಾಗದಲ್ಲಿ ಬೊಟ್ಟಿಟ್ಟಳು. "ನನ್ನ ಕಣ್ಣೇ ತಾಗಿದ್ದು. ನನ್ನ ಕಣ್ಣೇ ಬಿಟ್ಟು ಹೋಗ್ಲಿ" ಎಂದಳು. ಕಿವಿಯನ್ನು ಮೊದಲಿನ ಹಾಗೆ ಮಡಿಸಿದಳು.

"ನೋಡಿದ್ದು ಸಾಕೇನಮ್ಮ?" ಎಂದ ಮುಸುಕಯ್ಯ.

"ಸಾಕು. ತಳ್ಳಿ."

ತಳ್ಳಿದ. ಕಡವೆ ಸತ್ತಿತು. ಕೆಂಪು ವರ ಹಣೆಯ ಕೆಂಪು ಬೊಟ್ಟು ನೋಡಿ ಕೂತಿತು. ಕಪ್ಪು ವರ ಕಿವಿಯ ಹಿಂದಿನ ಕಪ್ಪು ಬೊಟ್ಟು ನೋಡಿ ಕೂತಿತು. ಮುಸುಕಯ್ಯ ಮುಂದಿನ ಸಲಕ್ಕೆ ಕೈ ಚಾಚಿ ಕಾದ. ಕಡವೆ ಏಳಲಿಲ್ಲ. ಕುಂಡದ ಉರಿ ತಣ್ಣಗಾಯಿತು. ಬೂದಿಯ ಮೇಲೆ ಅಂಗೈಯಗಲದ ಎಲೆಯೊಂದು, ಚಿತ್ರದ ಕೊಂಬಿನಲ್ಲಿ ಹೂವು ಅರಳಿಸಿಕೊಂಡು ಮಲಗಿತ್ತು.

ಎಲೆ ಮಲಗಿದರೆ ದಿನಗಳು ವಾಪಸು ಹೋಗಬೇಕಲ್ಲ. ಹೊರಟವು. ಬೇಲಿಯಿಂದೆದ್ದ ಗುಬ್ಬಿಗಳ ಹಾಗೆ ಮುಸುಕಯ್ಯನ ಮೈಯಿಂದ ಸಾವಿರ ಸಾವಿರ ದಿನಗಳು ಹಾರಿದವು. ಅರ್ಧ ಅಲ್ಲೇ ದೇವೀರಿಯ ಮೈ ಸೇರಿದವು, ಅರ್ಧ ಬೆಟ್ಟ ಇಳಿದು ಜಗಲಿಯ ಕಡೆ ಹಾರಿದವು. ಮುಸುಕಯ್ಯ "ನನ್ನ ದಿನ, ನನ್ನ ದಿನ" ಎಂದು ಗಾಳಿ ಹಿಡಿಯುತ್ತ ಓಡಿದ. ಬೇರೆಯವರ ಆಯಸ್ಸು ಹೋದ ಮೇಲೆ ಅವನದೆಂಬುದು ಒಂದು ಗಳಿಗೆಯೂ ಉಳಿದಿರಲಿಲ್ಲ. ಬಾಗಿಲ ಹತ್ತಿರ ಮುಸುಕು ಮಾತ್ರ ಬಿದ್ದಿತ್ತು, ಒಳಗೆ ಯಾರೂ ಇರಲಿಲ್ಲ.

ದೇವೀರಿ ಮನೆಗೆ ಬಂದಾಗ ಹೂವಿ ಕಪ್ಪು ಕೂದಲು ಬಿಟ್ಟುಕೊಂಡು ಜಗಲಿಯ ಮೇಲೆ ಬೆಪ್ಪಾಗಿ ಕೂತಿದ್ದಳು. ದೇವೀರಿ ಎಲೆಯನ್ನು ಅವಳ ಮುಂದಿಟ್ಟು, ಬೆನ್ನು ತಿರುಗಿಸಿ, ಕೂದಲೆಳೆಯ ಗೆರೆ ತೋರಿಸಿದಳು. "ಇದನ್ನ ಬರೆದೋಳು ನಾನು. ನಿನ್ನ ಕಡವೆ ಕುಂಟ್ಲಿ, ಜನ ನಗ್ಲಿ ಅಂತ ಬರೆದೆ. ರೋಗ ಅಂಟಿಸಿದ್ದು ನೀನಲ್ಲ, ನಾನು."

ಹೂವಿ ಗೆರೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ದಿನ ಮಾತಾಡಲಿಲ್ಲ. ಎರಡು ದಿನ ಮಾತಾಡಲಿಲ್ಲ. ಮೂರು ದಿನ ಮಾತಾಡಲಿಲ್ಲ. ದೇವೀರಿ ಗಂಜಿಯನ್ನು ಬಾಗಿಲಲ್ಲಿಟ್ಟು, ಜಗಲಿಯ ಮೇಲೆ ಅದೇ ಚಾಪೆ ಹಾಸಿಕೊಂಡು ಮಲಗಿದಳು. ಮೊಳೆಯ ತುದಿಯಿಂದ ಕಪ್ಪು ಅಂಚನ್ನು ಕೆರೆದು ಕೆರೆದು ತೆಗೆದಳು.

ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ತೆರೆಯಿತು. ಹೂವಿ ಹೊಸದೊಂದು ಎಲೆ ಹಿಡಿದು ಬಂದಳು, ಒಂದು ಆನೆ. ಅಕ್ಕನ ಮುಖ ನೋಡದೆ, ಎಲೆಯನ್ನು ಅವಳ ಮಡಿಲಿಗೆ ಹಾಕಿದಳು. ಆನೆಯ ದೊಡ್ಡ ಕಿವಿಯ ಹಿಂದೆ ಸಾಸಿವೆಯಷ್ಟು ಜಾಗ ಖಾಲಿಯಿತ್ತು.

"ಬೊಟ್ಟಿಡು" ಎಂದಳು.

ದೇವೀರಿ ಇಟ್ಟಳು. ಮುಂದಿನ ಬೇಸಿಗೆಯಲ್ಲಿ ಕರಿಬಂಡೆಯಿಂದ ಯಾರೂ ಆಟಕ್ಕೆ ಬರಲಿಲ್ಲ. ರಾಜ ಕತೆಯನ್ನೆಲ್ಲ ಕೇಳಿ ದೇವೀರಿಗೂ ಒಂದು ರೇಷ್ಮೆ ಸೀರೆ ಕೊಟ್ಟ. ಊರಿನ ಮಕ್ಕಳು ಇಲಿಯಷ್ಟಾಗುವ ಮುಂಗುಸಿಯನ್ನು ನೋಡಲು ಬೀದಿಯಲ್ಲಿ ಸಾಲು ನಿಂತರು. ಕೆರೆ ತುಂಬಿತು, ಹೂಗೊಂಬಿನ ಕಡವೆ ಆಟವಿಲ್ಲದ ದಿನಗಳಲ್ಲಿ ಸುಮ್ಮನೆ ಎದ್ದು ಕೆರೆಯ ದಡದಲ್ಲಿ ಮೇಯ್ದು ಬಂದು ಮಲಗುತ್ತಿತ್ತು.

ದೇವೀರಿಯ ಹೊಟ್ಟೆಕಿಚ್ಚು ಪೂರ್ತಿ ಆರಿತೇ ಎಂದು ನೀವು ಕೇಳುತ್ತೀರಿ. ಎಲ್ಲಿ ಆರುತ್ತದೆ! ರಾಜ ಕೊಟ್ಟ ಎರಡು ಸೀರೆಗಳಲ್ಲಿ ಹೂವಿಯದಕ್ಕೆ ಅಂಚು ಎರಡು ಬೆರಳು ಅಗಲವಾಗಿತ್ತು, ಅದನ್ನು ದೇವೀರಿ ಅಳತೆ ಹಿಡಿದೇ ನೋಡಿದ್ದಳು. ಆದರೆ ಆ ಕಿಚ್ಚು ಎದ್ದಾಗಲೆಲ್ಲ ಕಾಡಿಗೆ ಬಟ್ಟಲಿಗೆ ಬೆರಳದ್ದಿ "ಏ ಹೂವಿ, ಬಾರೆ ಇಲ್ಲಿ" ಎಂದು ಕರೆದು, ಇಪ್ಪತ್ತು ದಾಟಿದ ತಂಗಿಯ ಕೆನ್ನೆಗೆ ಒಂದು ಬೊಟ್ಟಿಡುತ್ತಿದ್ದಳು. ಹೂವಿ ಯಾಕೆಂದು ಕೇಳದೆ ಕೆನ್ನೆ ಒಡ್ಡುತ್ತಿದ್ದಳು.